ಹದ್ದಿನ ಗೂಡಿಗೂ ಬೇಕು ಕಾವಲು

ಕೋಳಿಮರಿ ಎತ್ತಿಕೊಂಡು ಹೋಗುವ ಹದ್ದಿನ ಬಗ್ಗೆ ನಮ್ಮ ಉಮ್ಮಂದಿರ ಬಾಯಲ್ಲಿ ಒಳ್ಳೆಯ ಮಾತು ಬರುವುದು ಕಡಿಮೆ. ಹದ್ದು, ಗಿಡುಗ ಅಂದರೆ ಕಳ್ಳ ಹಕ್ಕಿ ಅಂತಲೇ ಲೆಕ್ಕ. ಅಂಥ ಹಕ್ಕಿಯ ಗೂಡಿಗೆ ರಾತ್ರಿ ಹಗಲು ಕಾವಲು ಕೂತವರೂ ಇದ್ದಾರೆ ಅಂದರೆ ಕೆಲವರಿಗೆ ನಗು ಬರಬಹುದು. ಆದರೆ ಅವರ ಕೆಲಸದಲ್ಲಿ ಕರಾವಳಿಯ ನಮಗೆ ಕಲಿಯಲಿಕ್ಕೆ ತುಂಬ ಇದೆ.

ಆಸ್ಪ್ರೆ ಎಂಬುದು ಮೀನು ಹಿಡಿದೇ ಬದುಕುವ ಗಿಡುಗ. ಚಳಿಗಾಲದಲ್ಲಿ ನಮ್ಮ ಅಳಿವೆಗಳಲ್ಲೂ ಕಾಣಸಿಗುತ್ತದೆ. ಸ್ಕಾಟ್ಲೆಂಡಿನಲ್ಲಿ ಬೇಟೆಗಾರರು ಗುಂಡು ಹೊಡೆದು, ಮೊಟ್ಟೆ ಸಂಗ್ರಹಿಸುವ ಚಟದವರು ಗೂಡು ದೋಚಿ, 20ನೇ ಶತಮಾನದ ಮೊದಲ ದಶಕಗಳಲ್ಲೇ ಅಲ್ಲಿ ಅದರ ಸಂತತಿ ನಿಂತುಹೋಗಿತ್ತು. 1950ರ ದಶಕದಲ್ಲಿ ಲಾಕ್ ಗಾರ್ಟನ್ ಎಂಬ ಸರೋವರದ ಹತ್ತಿರ ಒಂದು ಜೋಡಿ ಮತ್ತೆ ಗೂಡು ಕಟ್ಟಿತು. ಆರ್‌ಎಸ್‌ಪಿಬಿ ಎಂಬ ಪಕ್ಷಿ ಸಂರಕ್ಷಣಾ ಸಂಸ್ಥೆಯವರು ಯಾರಿಗೂ ತಿಳಿಯದ ಹಾಗೆ ಕಾವಲು ಹಾಕಿದರು. 1958ರ ಜೂನ್‌ನಲ್ಲಿ ಒಂದು ರಾತ್ರಿ, ಕಾವಲು ಇರುವಾಗಲೇ ಕಳ್ಳನೊಬ್ಬ ಮರ ಹತ್ತಿದ. ಬೆನ್ನಟ್ಟಿದರೂ ಸಿಗಲಿಲ್ಲ, ಮೊಟ್ಟೆಗಳು ನೆಲಕ್ಕೆ ಬಿದ್ದು ಒಡೆದವು. ಗೂಡಿನಲ್ಲಿ ನೋಡಿದರೆ ಬೂಟ್ ಪಾಲಿಶ್ ಬಳಿದ ಕೋಳಿಮೊಟ್ಟೆ!

ಮರುವರ್ಷ ಮುಳ್ಳುತಂತಿ ಬಿಗಿದು, ಸ್ವಯಂಸೇವಕರು ಪಾಳಿ ಹಾಕಿ 24 ಗಂಟೆಯೂ ಕೂತರು. ಸಂಸ್ಥೆಯ ಜಾರ್ಜ್ ವಾಟರ್ಸ್ಟನ್ ಇನ್ನೊಂದು ಕೆಲಸವನ್ನೂ ಮಾಡಿದರು. ಗುಟ್ಟು ಮಾಡುವುದನ್ನು ಬಿಟ್ಟು, ದೂರದಲ್ಲಿ ಒಂದು ಮರೆ ಕಟ್ಟಿ, ದುರ್ಬೀನಿನಲ್ಲಿ ಗೂಡು ನೋಡಲು ಜನರನ್ನೇ ಕರೆದರು. ಆ ಬೇಸಿಗೆ ಸುಮಾರು 14,000 ಮಂದಿ ಬಂದರು. ಮೂರು ಮರಿಗಳು ಹಾರಿದವು. ಒಂದು ಜೋಡಿಯಿಂದ ಶುರುವಾದದ್ದು ಇವತ್ತು ಬ್ರಿಟನ್‌ನಲ್ಲಿ 200ಕ್ಕೂ ಹೆಚ್ಚು ಜೋಡಿ ಆಗಿದೆ.

ಕಾವಲು ಅಂದರೆ ದೊಡ್ಡ ಸಾಹಸ ಏನಲ್ಲ. ಯಾರು ಕಾವು ಕೂತಿದ್ದಾರೆ, ಗಂಡು ಎಷ್ಟು ಹೊತ್ತಿಗೆ ಮೀನು ತಂದಿತು, ಮರಿ ತಲೆ ಎತ್ತಿತಾ ಅಂತ ನೋಡಿ ಬರೆದಿಡಬೇಕು, ಅಷ್ಟೆ. ಸಹಾಯ ಮಾಡ್ತೇವೆ ಅಂತ ಮರ ಹತ್ತಲಿಕ್ಕಿಲ್ಲ, ತಿನಿಸು ಹಾಕಲಿಕ್ಕಿಲ್ಲ. ಮನುಷ್ಯ ತೀರಾ ಹತ್ತಿರ ಹೋದರೆ ಹಕ್ಕಿ ಎದ್ದು ಹೋಗುತ್ತದೆ, ಮೊಟ್ಟೆ ತಣ್ಣಗಾಗುತ್ತದೆ. ಕಾವಿಗೆ ಐದು ವಾರಕ್ಕೂ ಹೆಚ್ಚು, ಮರಿ ಹಾರಲು ಮತ್ತೆ ಏಳೆಂಟು ವಾರ. ಅಷ್ಟೂ ದಿನ ಮಳೆ ಚಳಿಯಲ್ಲಿ ನಿದ್ದೆಗೆಟ್ಟು ಸುಮ್ಮನೆ ಕೂರುವುದು. ಸಬ್ರ್ ಅಂದರೆ ಇದೇ ಅಲ್ಲವೇ?

ನಮ್ಮ ಕಡಲತೀರದಲ್ಲೂ ಇಂಥ ಕಾವಲು ಬೇಕಾದ ಹಕ್ಕಿ ಇದೆ. ಬಿಳಿ ಹೊಟ್ಟೆಯ ಕಡಲ ಹದ್ದು. ರೆಕ್ಕೆ ಬಿಚ್ಚಿದರೆ ಸುಮಾರು ಎರಡು ಮೀಟರ್. ಮೀನು, ಕಡಲಹಾವು ಅದರ ಆಹಾರ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಅವು ಗೂಡು ಕಟ್ಟುತ್ತವೆ. ನೆರೆಯ ಕಾಸರಗೋಡು 2023ರಲ್ಲಿ ಇದನ್ನು ತನ್ನ ಜಿಲ್ಲಾ ಪಕ್ಷಿ ಅಂತ ಘೋಷಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಅನುಸೂಚಿಯಲ್ಲಿ ಇದಕ್ಕೆ ರಕ್ಷಣೆ ಇದೆ.

ಆದರೆ ಕಾಯಿದೆ ಮರದ ಬುಡದಲ್ಲಿ ಬಂದು ನಿಲ್ಲುವುದಿಲ್ಲ. ಈ ಹದ್ದು ಗೂಡು ಕಟ್ಟುವುದು ಕಡಲಿಗೆ ಹತ್ತಿರದ ಎತ್ತರದ ಹಳೇ ಮರದಲ್ಲಿ. ಅಂಥ ಮರ ಉಳಿದಿರುವುದು ಎಲ್ಲಿ? ತರವಾಡು ಮನೆಯ ಹಿತ್ತಿಲಲ್ಲಿ, ಮಸೀದಿಯ ಜಾಗದಲ್ಲಿ, ಖಬರಸ್ತಾನದಲ್ಲಿ. ಜಾಗ ಪಾಲಾದಾಗ, ಹೊಸ ಮನೆಗೆ ಪಾಯ ಹಾಕುವಾಗ ಮೊದಲು ಕೊಡಲಿ ಬೀಳುವುದು ಆ ಮರಕ್ಕೇ. ಇವು ಸಾಮಾನ್ಯವಾಗಿ ಎರಡೇ ಮೊಟ್ಟೆ ಇಡುವುದು. ಮರಿ ಇರುವಾಗ ಮರ ಬಿದ್ದರೆ ಆ ಜೋಡಿಯ ಒಂದು ವರ್ಷ ಹೋಯಿತು.

ಪ್ರಯಾಣದ ನಡುವೆ ಸಹಾಬಿಗಳು ಒಂದು ಸಣ್ಣ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಾಗ, ತಾಯಿಹಕ್ಕಿ ರೆಕ್ಕೆ ಬಡಿದು ಸುತ್ತುತ್ತಿದ್ದುದನ್ನು ಕಂಡ ಪ್ರವಾದಿ (ಸ.ಅ.) ಅವರು ಮರಿಗಳನ್ನು ವಾಪಸ್ ಕೊಡಿಸಿದ ಘಟನೆ ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ರೆಕ್ಕೆಯಿಂದ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳು ಅಂತ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯ ತಿಳಿಸುತ್ತದೆ. ಮದ್ರಸದಲ್ಲಿ ಮಕ್ಕಳಿಗೆ ಇದನ್ನು ಹೇಳಿಕೊಡುತ್ತೇವೆ. ಅದೇ ಮಕ್ಕಳು ಮರಿಗೆ ಕಲ್ಲು ಹೊಡೆದರೆ, ದೊಡ್ಡವರು ಗೂಡಿದ್ದ ಮರ ಉರುಳಿಸಿದರೆ, ಹೇಳಿಕೊಟ್ಟದ್ದು ಕಿತಾಬಿನಲ್ಲೇ ಉಳಿಯಿತು ಅಂತ ಅರ್ಥ. ಮರ ನಮ್ಮ ಹೆಸರಿನಲ್ಲಿರಬಹುದು, ಅದರ ಮೇಲಿನ ಜೀವ ನಮ್ಮ ಕೈಯಲ್ಲಿರುವ ಅಮಾನತ್.

ಸ್ಕಾಟ್ಲೆಂಡಿನವರ ಹಾಗೆ ಮುಳ್ಳುತಂತಿ ಬೇಡ. ಅಕ್ಟೋಬರ್ ಬಂತೆಂದರೆ ದೊಡ್ಡ ಮರಗಳ ತುದಿಗೆ ಒಮ್ಮೆ ಕಣ್ಣು ಹಾಯಿಸಿ. ಕಡ್ಡಿಗಳ ದೊಡ್ಡ ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಹತ್ತಿರ ಹೋಗಿ ಫೋಟೊ ತೆಗೆಯುವುದು, ಡ್ರೋನ್ ಹಾರಿಸುವುದು ಬೇಡ. ಜಮಾಅತ್‌ನ ನಾಲ್ಕು ಯುವಕರು ಅಸರ್ ನಮಾಝ್ ಮುಗಿಸಿ ದಿನಾ ಅರ್ಧ ಗಂಟೆ ದೂರದಿಂದ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೂ ಸಾಕು, ಅದೇ ಕಾವಲು. ಮರಿ ಹಾರಿ ಗೂಡು ಖಾಲಿಯಾಯಿತು ಅಂತ ಮರ ಕಡಿಯಬೇಡಿ. ಈ ಹದ್ದುಗಳು ಹಳೇ ಗೂಡನ್ನೇ ರಿಪೇರಿ ಮಾಡಿ ವರ್ಷವರ್ಷವೂ ಬಳಸುತ್ತವೆ.