ಹರಿಕೇನ್ ವಿಮಾನದ ಹದಿನೈದು ಸೆಕೆಂಡು

ಮಿರಜದಿಂದ ಕೊಲ್ಹಾಪುರಕ್ಕೆ ಹೋಗುವ ರೈಲು ಜಯಸಿಂಗಪುರ, ಹಾತಕಣಂಗಲೆ, ರುಕಡಿ ದಾಟಿದ ಮೇಲೆ ವಳಿವಡೆ ಎಂಬ ಸಣ್ಣ ನಿಲ್ದಾಣ ಬರುತ್ತದೆ. 1943ರಿಂದ 1948ರವರೆಗೆ ಇಲ್ಲಿ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಸ್ಟಾಲಿನ್‌ನ ಆಡಳಿತ ಸೈಬೀರಿಯದ ಕಡೆಗೆ ಅಟ್ಟಿದ್ದ ಈ ಕುಟುಂಬಗಳು ಇರಾನ್, ಕರಾಚಿ ಹಾದು ನಮ್ಮ ಸೀಮೆಗೆ ಬಂದವು. ಮನೆಯ ಗಂಡಸರು ಯುದ್ಧಕ್ಕೆ ಹೋಗಿದ್ದರು. ಅದೇ ದಾರಿಯಲ್ಲಿ ರಷ್ಯದಿಂದ ಹೊರಬಿದ್ದ ಕೆಲವು ಯುವಕರು ಬ್ರಿಟನ್ ತಲುಪಿ, ಅಲ್ಲಿದ್ದ ಪೋಲಿಷ್ ವಾಯುಪಡೆಗೆ ಸೇರಿಕೊಂಡರು.

ಆ ಹೊತ್ತಿಗಾಗಲೇ ಆ ವಾಯುಪಡೆಯ ಹೆಸರು ದೊಡ್ಡದಾಗಿತ್ತು. ಪೋಲಿಷ್ ಫೈಟರ್ ಪೈಲಟ್ ಎಂದೊಡನೆ ಜನ ಧೈರ್ಯದ ಮಾತೆತ್ತುತ್ತಾರೆ. ಧೈರ್ಯವಿತ್ತು, ಅನುಮಾನವಿಲ್ಲ. ಆದರೆ ನನ್ನನ್ನು ಹೆಚ್ಚು ಸೆಳೆಯುವುದು ಬೇರೊಂದು ಸಾಧನೆ: ಮೈಗೂಡಿದ್ದ ಒಂದು ಯಂತ್ರವನ್ನು ಮರೆತು, ಕೆಲವೇ ವಾರಗಳಲ್ಲಿ ಮತ್ತೊಂದನ್ನು ಮೈಗೂಡಿಸಿಕೊಂಡದ್ದು.

1939ರ ಸೆಪ್ಟೆಂಬರ್ 1ರಂದು ಜರ್ಮನಿ ದಾಳಿಯಿಟ್ಟಾಗ ಅವರ ಕೈಯಲ್ಲಿದ್ದದ್ದು ಪಿ-11 ಎಂಬ ವಿಮಾನ. ತೆರೆದ ಕಾಕ್‌ಪಿಟ್, ಮಡಚಲು ಬಾರದ ಚಕ್ರಗಳು, ಗಂಟೆಗೆ 400 ಕಿ.ಮೀ.ಗೂ ಕಡಿಮೆ ವೇಗ. ಜರ್ಮನಿಯ ಎಷ್ಟೋ ಬಾಂಬರುಗಳೇ ಇದಕ್ಕಿಂತ ಜೋರಾಗಿ ಓಡುತ್ತಿದ್ದವು. ಎರಡೋ ನಾಲ್ಕೋ ಮಷಿನ್‌ಗನ್ನುಗಳಿಂದ ಅಂಥ ಬಾಂಬರನ್ನು ಕೆಡವಬೇಕಾದರೆ ತೀರ ಹತ್ತಿರ ಹೋಗಲೇಬೇಕು. ಈ ಪಾಠ ಅವರಿಗೆ ಮುಂದೆ ಬಹಳ ಉಪಕಾರ ಮಾಡಿತು.

ದೇಶ ಕೈತಪ್ಪಿತು. ಪೈಲಟುಗಳು ರುಮೇನಿಯ, ಫ್ರಾನ್ಸ್ ದಾಟಿ 1940ರಲ್ಲಿ ಬ್ರಿಟನ್ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಹರಿಕೇನ್ ಸಿಡ್ನಿ ಕ್ಯಾಮ್ ರೂಪಿಸಿದ ವಿಮಾನ. ಹನ್ನೆರಡು ಸಿಲಿಂಡರಿನ, 27 ಲೀಟರಿನ ಮರ್ಲಿನ್ ಎಂಜಿನ್. ಸಾವಿರಕ್ಕೂ ಹೆಚ್ಚು ಅಶ್ವಶಕ್ತಿ. ಗಂಟೆಗೆ ಸುಮಾರು 520 ಕಿ.ಮೀ. ವೇಗ. ಕೃಷ್ಣೆಯ ಆಚೆ ದಡದ ಸಾಂಗ್ಲಿವಾಡಿಯಿಂದ ಮಿರಜ ಮುಟ್ಟಲು ಒಂದೂವರೆ ನಿಮಿಷವೂ ಬೇಡ. ಒಡಲಿನ ಹಿಂಭಾಗಕ್ಕೆ ಲೋಹದ ತಗಡಿರಲಿಲ್ಲ. ಲೋಹದ ಕೊಳವೆ, ಮರದ ಪಟ್ಟಿಗಳ ಹಂದರದ ಮೇಲೆ ಬಟ್ಟೆ ಬಿಗಿದಿದ್ದರು. ಎಷ್ಟೋ ಗುಂಡುಗಳು ತೂತು ಮಾಡಿ ಆಚೆ ಹೋಗುತ್ತಿದ್ದವು. ತೇಪೆ ಹಾಕಿದರೆ ವಿಮಾನ ಮತ್ತೆ ಹಾರಾಟಕ್ಕೆ ಸಿದ್ಧ.

ಹೊಸ ಯಂತ್ರ ಕೈಗೆ ಒಗ್ಗುವುದು ಸುಲಭವಿರಲಿಲ್ಲ. ಅವರು ಕಲಿತಿದ್ದ ವಿಮಾನಗಳಲ್ಲಿ ಎಂಜಿನ್ನಿನ ಜೋರು ಹೆಚ್ಚಿಸಲು ಥ್ರಾಟಲ್ ಹಿಡಿಯನ್ನು ಹಿಂದಕ್ಕೆ ಎಳೆಯಬೇಕಿತ್ತು. ಇಲ್ಲಿ ಮುಂದಕ್ಕೆ ತಳ್ಳಬೇಕು. ಇಳಿಯುವ ಮುಂಚೆ ಚಕ್ರ ಬಿಚ್ಚಬೇಕೆಂಬ ನೆನಪು, ಚಕ್ರ ಮಡಚದ ವಿಮಾನದಲ್ಲಿ ಪಳಗಿದವರಿಗೆ ತಾನಾಗಿ ಬರುವುದಿಲ್ಲ. ಕೆಲವರು ಹೊಟ್ಟೆಯ ಮೇಲೆಯೇ ವಿಮಾನ ಇಳಿಸಿದ್ದೂ ಉಂಟು. ಎತ್ತರ ಅಡಿಗಳಲ್ಲಿ, ವೇಗ ಮೈಲಿಗಳಲ್ಲಿ, ಪೆಟ್ರೋಲು ಗ್ಯಾಲನ್ನಿನಲ್ಲಿ. ರೇಡಿಯೊ ಆಜ್ಞೆಗಳನ್ನು ಕಲಿಸಲು ದೊಡ್ಡ ಮೂರು ಚಕ್ರದ ಸೈಕಲ್ಲುಗಳಿಗೆ ರೇಡಿಯೊ, ದಿಕ್ಸೂಚಿ ಕಟ್ಟಿ ಮೈದಾನದಲ್ಲಿ ಓಡಾಡಿಸಿದರು. ಸ್ವದೇಶದಲ್ಲಿ ಯುದ್ಧ ಮಾಡಿ ಬಂದ ಪೈಲಟುಗಳಿಗೆ ಅದು ಎಷ್ಟು ಮುಜುಗರ ತಂದಿರಬೇಡ! ಆದರೂ ತುಳಿದರು.

ಈಗ ಬಂದೂಕಿನ ಲೆಕ್ಕ. ಹರಿಕೇನಿನ ರೆಕ್ಕೆಗಳಲ್ಲಿ ಎಂಟು ಮಷಿನ್‌ಗನ್‌ಗಳು, ಒಂದೊಂದಕ್ಕೂ ಮುನ್ನೂರಕ್ಕೂ ಹೆಚ್ಚು ಗುಂಡುಗಳು. ಎಂಟೂ ಸೇರಿ ಸೆಕೆಂಡಿಗೆ ನೂರೈವತ್ತರಷ್ಟು ಗುಂಡು ಹಾರಿಸುತ್ತಿದ್ದವು. ಗುಂಡಿ ಒತ್ತಿ ಹಿಡಿದರೆ ಸುಮಾರು ಹದಿನೈದು ಸೆಕೆಂಡಿನಲ್ಲಿ ಎಲ್ಲ ಖಾಲಿ. ಹಾಗಾಗಿ ಎರಡೆರಡು ಸೆಕೆಂಡು ಮಾತ್ರ ಒತ್ತಬೇಕು. ರೆಕ್ಕೆಯ ಅಗಲಕ್ಕೆ ಹರಡಿಕೊಂಡ ಬಂದೂಕುಗಳನ್ನು ತುಸು ಒಳಮುಖವಾಗಿ ಓರೆ ಮಾಡಿರುತ್ತಾರೆ. ಗುಂಡುಗಳ ದಾರಿಗಳು ಮುಂದೆಲ್ಲೋ ಕೂಡುತ್ತವೆ, ಅದನ್ನು ದಾಟಿದರೆ ಮತ್ತೆ ಅಗಲುತ್ತವೆ. ಬ್ರಿಟಿಷರು ಮೊದಲು ಈ ಕೂಡುವ ಜಾಗವನ್ನು 400 ಗಜಕ್ಕೆ ಇಟ್ಟಿದ್ದರು, ಅನುಭವದ ಮೇಲೆ 250ಕ್ಕೆ ಇಳಿಸಿದರು. ಪೋಲಿಷರು ಅದಕ್ಕಿಂತಲೂ ಹತ್ತಿರ ನುಗ್ಗುತ್ತಿದ್ದರು. ನೋಡಿದವರು ಇದನ್ನು ಹುಚ್ಚು ಸಾಹಸವೆಂದರು. ನನಗೆ ಇದು ಒಳ್ಳೆಯ ಗಣಿತವೆಂದೇ ಕಾಣುತ್ತದೆ: ಹತ್ತಿರವಾದಷ್ಟೂ ಗುರಿ ದೊಡ್ಡದು, ಗುಂಡಿನ ಹರಹು ಚಿಕ್ಕದು.

ಲಂಡನ್ ಬಳಿಯ ನಾರ್ಥೋಲ್ಟ್‌ನಲ್ಲಿದ್ದ ಪೋಲಿಷರ 303ನೇ ಸ್ಕ್ವಾಡ್ರನ್ನಿನ ಪೈಲಟ್ ಲುದ್ವಿಕ್ ಪಾಶ್ಕೇವಿಚ್ 1940ರ ಆಗಸ್ಟ್ 30ರಂದು ತರಬೇತಿ ಹಾರಾಟದಲ್ಲಿದ್ದಾಗಲೇ ಸಾಲು ಬಿಟ್ಟುಹೋಗಿ ಶತ್ರು ವಿಮಾನ ಕೆಡವಿದ. ಮರುದಿನವೇ ಸ್ಕ್ವಾಡ್ರನ್ ಯುದ್ಧಕ್ಕಿಳಿಯಿತು. ಸೆಪ್ಟೆಂಬರ್ 27ರಂದು ಪಾಶ್ಕೇವಿಚ್ ಸತ್ತ. ಜರ್ಮನಿಯ ವಾಯುದಾಳಿಯ ವಿರುದ್ಧ ಬ್ರಿಟನ್ ನಡೆಸಿದ ಆ ಕದನದಲ್ಲಿ ಈ ಸ್ಕ್ವಾಡ್ರನ್ 126 ವಿಮಾನ ಕೆಡವಿದ್ದಾಗಿ ಲೆಕ್ಕ ಕೊಟ್ಟಿತು. ಒಂದೇ ವಿಮಾನಕ್ಕೆ ಇಬ್ಬರು ಗುಂಡಿಟ್ಟು ಇಬ್ಬರೂ ಬರೆಸುವುದು ಎಲ್ಲ ವಾಯುಪಡೆಗಳಲ್ಲೂ ಇತ್ತು. ಸಂಶೋಧಕರು ಸಂಖ್ಯೆಯನ್ನು ತಗ್ಗಿಸಿದ್ದಾರೆ. ಹಾಗಿದ್ದೂ ಅದು ಅತ್ಯುತ್ತಮ ಸ್ಕ್ವಾಡ್ರನ್ನುಗಳ ಸಾಲಿನಲ್ಲೇ ಉಳಿದಿದೆ.

ಈ ಕೆಲಸಕ್ಕೆ ದೇಹ ತೆತ್ತ ಬೆಲೆ ಸಣ್ಣದಲ್ಲ. ಆರು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಅರ್ಧಕ್ಕಿಂತ ಕಡಿಮೆ, ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿಗೂ ಕೆಳಗೆ. ಆಮ್ಲಜನಕದ ಮುಖವಾಡ ಜಾರಿದರೆ ಬುದ್ಧಿ ಮಂಕಾಗುತ್ತದೆ. ಗುರುತ್ವದ ಐದು ಪಟ್ಟಿನ ಬಿರುಸು ತಿರುವಿನಲ್ಲಿ 70 ಕೆ.ಜಿ. ಮೈ 350 ಕೆ.ಜಿ.ಯಷ್ಟು ಭಾರವಾಗಿ, ರಕ್ತ ತಲೆಯಿಂದ ಕಾಲಿಗೆ ಇಳಿಯುತ್ತದೆ. ಕಣ್ಣುಗುಡ್ಡೆಗೆ ತನ್ನದೇ ಒಳ ಒತ್ತಡ ಇರುವುದರಿಂದ ಅಲ್ಲಿಗೆ ರಕ್ತ ಹೋಗುವುದು ಮೊದಲು ನಿಲ್ಲುತ್ತದೆ. ನೋಟ ಬೂದು ಬಣ್ಣಕ್ಕೆ ತಿರುಗಿ, ಕಪ್ಪಾಗಿ, ಆಮೇಲೆ ಪ್ರಜ್ಞೆ ಹೋಗುತ್ತದೆ. ಎಲ್ಲಕ್ಕಿಂತ ಭಯಂಕರವಾದದ್ದು ಬೆಂಕಿ. ಹರಿಕೇನಿನ ಒಂದು ಪೆಟ್ರೋಲ್ ಟ್ಯಾಂಕು ಇದ್ದದ್ದು ಪೈಲಟ್ಟಿನ ಎದುರಿನ ಮೀಟರುಗಳ ಹಿಂದೆಯೇ. ಸೆಪ್ಟೆಂಬರ್ 6ರಂದು 303ರ ನಾಯಕ ಕ್ರಾಸ್ನೊದೆಂಬ್ಸ್ಕಿ ವಿಮಾನಕ್ಕೆ ಬೆಂಕಿ ಹೊತ್ತಿ, ಮೈ ಸುಟ್ಟುಕೊಂಡು, ಧುಮುಕಿ ಬದುಕಿದರು.

ಅವರ ಜಾಗಕ್ಕೆ ಬಂದವರು ವಿಟೋಲ್ಡ್ ಉರ್ಬಾನೊವಿಚ್. ಇವರ ಕಥೆ ನಮ್ಮ ಕಡೆಗೂ ಒಂದು ಎಳೆ ಚಾಚುತ್ತದೆ. 1943ರ ಕೊನೆಯಲ್ಲಿ, ವಳಿವಡೆಯ ಶಿಬಿರ ಆರಂಭವಾದ ವರ್ಷವೇ, ಅವರು ಚೀನಾದಲ್ಲಿ ಅಮೆರಿಕನ್ನರ ಜೊತೆ ಪಿ-40 ಹಾರಿಸುತ್ತ ಜಪಾನಿನ ವಿರುದ್ಧ ಹೋರಾಡಿದರು. ಪಿ-40 ಎಂದರೆ ಕರ್ಟಿಸ್ ಹಾಕ್ ವಿಮಾನದ ಒಡಲಿಗೆ ನೀರಿನಂಥ ದ್ರವದಿಂದ ತಣಿಯುವ ಉದ್ದನೆಯ ಎಂಜಿನ್ ಜೋಡಿಸಿ ಬೆಳೆಸಿದ್ದು. ಗಾಳಿಯಿಂದ ತಣಿಯುವ ಎಂಜಿನ್ನಿನ ಆ ಮೂಲ ಹಾಕ್ 1942ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ ಹಾರಿತು. ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಆ ಕಾರ್ಖಾನೆ ಕಟ್ಟಿದವರು ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದ. ಸಾಂಗ್ಲಿಯ ಎಂಜಿನಿಯರಿಂಗ್ ಕಾಲೇಜು ಹೊತ್ತಿರುವುದು ಅವರದೇ ಹೆಸರನ್ನು.