ಮೊದಲ ಸೀಸನ್‌ಗೇ ಚಾಂಪಿಯನ್!

ಹುಟ್ಟಿದ ವರ್ಷವೇ ಒಂದು ತಂಡ
ದೇಶದ ಫುಟ್‌ಬಾಲ್ ಲೀಗ್ ಗೆಲ್ಲೋಕೆ ಆಗುತ್ತಾ?

ಬೆಂಗಳೂರು ಎಫ್‌ಸಿ ಗೆದ್ದು ತೋರಿಸಿತು!

2013. ಹೊಚ್ಚ ಹೊಸ ತಂಡ.
ನಾಯಕ ಸುನಿಲ್ ಛೆಟ್ರಿ.
ಕೋಚ್ ಆ್ಯಶ್ಲಿ ವೆಸ್ಟ್‌ವುಡ್.
ಮೊದಲ ಪಂದ್ಯದಲ್ಲೇ ಎದುರಿಗೆ ಮೋಹನ್ ಬಾಗಾನ್.
1-1, ಡ್ರಾ.

ದೇಶದ ಆ ಲೀಗ್, ಅಂದರೆ ಐ-ಲೀಗ್‌ನಲ್ಲಿ, ಫೈನಲ್ ಇರಲಿಲ್ಲ.
ಗೆದ್ದರೆ 3 ಪಾಯಿಂಟ್.
ಡ್ರಾ ಆದರೆ 1.
ತಿಂಗಳುಗಟ್ಟಲೆ ಕೂಡಿಸ್ತಾ ಹೋಗಬೇಕು.

ನಮ್ಮ ಸಾಲಗುಂದದ ಭತ್ತದ ಗದ್ದೆ ಇದ್ದಂಗೆ ನೋಡ್ರಿ.
ನಾಟಿ ಮಾಡಿದರಷ್ಟೇ ಸಾಲದು.
ನೀರು ಹಾಯಿಸಬೇಕು, ಕಳೆ ಕೀಳಬೇಕು,
ಕೊಯ್ಲಿನ ತನಕ ಕೈಬಿಡಂಗಿಲ್ಲ.

ಬೆಂಗಳೂರು ಕೈಬಿಡಲಿಲ್ಲ.
ಆ ಸೀಸನ್‌ನಲ್ಲಿ ಛೆಟ್ರಿ ಒಬ್ಬರೇ 14 ಗೋಲು!

2014, ಏಪ್ರಿಲ್ 21. ಗೋವಾದ ಫತೋರ್ಡಾ ಮೈದಾನ.
ಡೆಂಪೊ ತಂಡದ ವಿರುದ್ಧ 4-2 ಗೆಲುವು.
ಇನ್ನೂ ಒಂದು ಪಂದ್ಯ ಬಾಕಿ ಇರುವಾಗಲೇ
ಪ್ರಶಸ್ತಿ ಕರ್ನಾಟಕಕ್ಕೆ!

ಸಾಲಗುಂದದ ಹುಡುಗರೇ, ಹುಡುಗಿಯರೇ,
ಹೊಸಬರು ಅಂತ ಹಿಂಜರಿಯಬ್ಯಾಡ್ರಿ.
ತಂಡ ಕಟ್ಟ್ರಿ, ಮೈದಾನಕ್ಕೆ ಇಳೀರಿ!