ಕಸ್ತೂರಿ ಪರಿಮಳ ಕತ್ತೆಗೆ ಮಾತ್ರ ತಿಳಿಯದೇ?

‘ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ?’ ಎಂಬುದು ನಮ್ಮ ಹಳೆಯ ಗಾದೆ. ಒಳ್ಳೆಯದನ್ನು ಒಳ್ಳೆಯದೆಂದು ಗುರುತಿಸಲಾರದವರನ್ನು ಹಂಗಿಸಲು ಇದನ್ನು ಬಳಸುತ್ತೇವೆ. ಆದರೆ ವಿಜ್ಞಾನ ಹೇಳುವ ಸಂಗತಿಯೇ ಬೇರೆ. ಕೆಲವು ಬಗೆಯ ಕಸ್ತೂರಿ ಪರಿಮಳ ಕತ್ತೆಗಿರಲಿ, ಎಷ್ಟೋ ಮನುಷ್ಯರ ಮೂಗಿಗೂ ತಿಳಿಯುವುದಿಲ್ಲ. ಅವರಿಗೆ ನೆಗಡಿಯಾಗಿಲ್ಲ, ಮೂಗು ಕೆಟ್ಟಿಲ್ಲ. ಮಲ್ಲಿಗೆ, ಕರ್ಪೂರ, ಇಂಗಿನ ಒಗ್ಗರಣೆ ಎಲ್ಲದರ ವಾಸನೆಯೂ ಚೆನ್ನಾಗಿಯೇ ಗೊತ್ತಾಗುತ್ತದೆ. ಆ ಒಂದು ಪರಿಮಳದ ವಿಷಯದಲ್ಲಿ ಮಾತ್ರ ಮೂಗು ಸುಮ್ಮನಿದ್ದುಬಿಡುತ್ತದೆ.

ಮದುವೆಗೆ ಹೊರಟಾಗ ಅಪ್ಪ ಹಾಕಿಕೊಂಡ ಸೆಂಟು ಅಮ್ಮನಿಗೆ ಹಿತ, ಮಗಳಿಗೆ ತಲೆನೋವು, ಮಗನಿಗೆ ವಾಸನೆಯೇ ಇಲ್ಲ. ಇಂಥದ್ದು ಅನೇಕ ಮನೆಗಳಲ್ಲಿ ನಡೆಯುತ್ತದೆ. ‘ಯಾರಿಗೂ ಇಲ್ಲದ್ದು ನಿನಗೇನು? ನಾಟಕ ಮಾಡಬೇಡ’ ಎಂದು ಮಗಳನ್ನು ಗದರಿಸುವುದೂ ಉಂಟು. ಆದರೆ ಅವಳು ಹೇಳುತ್ತಿರುವುದು ಪೂರ್ತಿ ನಿಜವಿರಬಹುದು. ಅದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಸೆಂಟಿನ ಬಾಟಲಿಯೊಳಗೆ, ಆಮೇಲೆ ಮೂಗಿನೊಳಗೆ ಇಣುಕಿ ನೋಡಬೇಕು.

ಸೆಂಟಿನಲ್ಲೂ ಸ್ವರಗಳು

ಒಂದು ಸೆಂಟಿನಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಬಗೆಯ ಅಣುಗಳಿರುತ್ತವೆ. ಸುಗಂಧ ತಯಾರಕರು ಸಂಗೀತದಿಂದ ‘ನೋಟ್’, ಅಂದರೆ ಸ್ವರ ಎಂಬ ಮಾತನ್ನು ಎರವಲು ಪಡೆದಿದ್ದಾರೆ. ಹಚ್ಚಿಕೊಂಡ ಕೂಡಲೇ ಮೂಗಿಗೆ ಬಡಿಯುವ ನಿಂಬೆ, ಕಿತ್ತಳೆಯಂಥ ಪರಿಮಳ ಮೇಲಿನ ಸ್ವರ. ಹಗುರವಾದ ಈ ಅಣುಗಳು ಬೇಗನೆ ಆವಿಯಾಗುತ್ತವೆ. ಅನಂತರ ಹೂವುಗಳ ನಡುಸ್ವರ. ಕೊನೆಗೆ ಉಳಿಯುವುದು ಗಂಧ, ಕಸ್ತೂರಿಗಳ ತಳಸ್ವರ. ಇವು ಭಾರವಾದ ಅಣುಗಳು, ಗಂಟೆಗಟ್ಟಲೆ ಬಟ್ಟೆಯಲ್ಲಿ ನಿಲ್ಲುತ್ತವೆ.

ಆದ್ದರಿಂದ ‘ನನಗೆ ಈ ಸೆಂಟು ಆಗದು’ ಎನ್ನುವವರಿಗೆ ಅನೇಕ ವೇಳೆ ಇಡೀ ಸೆಂಟು ಆಗದೆಂದಲ್ಲ. ಅದರೊಳಗಿನ ಯಾವುದೋ ಒಂದು ಸ್ವರ ಅವರಿಗೆ ಅಪಸ್ವರವಾಗಿರುತ್ತದೆ, ಅಷ್ಟೆ.

ನಾನೂರು ಬೀಗಗಳು

ಮೂಗಿನ ಒಳಗೆ, ತೀರಾ ಮೇಲ್ಭಾಗದಲ್ಲಿ, ಅಂಚೆಚೀಟಿಯಷ್ಟು ಅಗಲದ ಪೊರೆಯಿದೆ. ವಾಸನೆಯನ್ನು ಹಿಡಿಯುವ ನರಕೋಶಗಳು ಇರುವುದು ಇಲ್ಲಿಯೇ. ಒಂದೊಂದು ಕೋಶದ ಮೇಲೂ ಗ್ರಾಹಕ ಎಂಬ ಪ್ರೋಟೀನು ಇರುತ್ತದೆ. ಅದನ್ನು ಬೀಗವೆಂದೂ ವಾಸನೆಯ ಅಣುವನ್ನು ಕೀಲಿಕೈ ಎಂದೂ ಭಾವಿಸಿಕೊಳ್ಳಿ. ಕೀಲಿಕೈ ಬೀಗಕ್ಕೆ ಹೊಂದಿದರೆ ಮಿದುಳಿಗೆ ಸುದ್ದಿ ಹೋಗುತ್ತದೆ.

ಈ ಗ್ರಾಹಕಗಳನ್ನು ತಯಾರಿಸುವ ಜೀನುಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಪತ್ತೆಹಚ್ಚಿದವರು ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್. ಅದಕ್ಕಾಗಿ 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಬಣ್ಣಗಳನ್ನು ಗುರುತಿಸಲು ನಮ್ಮ ಕಣ್ಣಿಗೆ ಮೂರು ಬಗೆಯ ಕೋಶಗಳು ಸಾಕು. ವಾಸನೆಗೆ ಮನುಷ್ಯನಲ್ಲಿ ಕೆಲಸ ಮಾಡುವ ಗ್ರಾಹಕಗಳು ಸುಮಾರು 400 ಬಗೆ! ಸಾಮಾನ್ಯವಾಗಿ ಒಂದು ಕೀಲಿಕೈ ಹಲವು ಬೀಗಗಳನ್ನು ತೆರೆಯುತ್ತದೆ, ಒಂದು ಬೀಗ ಹಲವು ಕೀಲಿಕೈಗಳಿಗೆ ಒಪ್ಪುತ್ತದೆ. ಯಾವ ಯಾವ ಬೀಗಗಳು ಒಟ್ಟಿಗೆ ತೆರೆದವು ಎಂಬುದನ್ನು ನೋಡಿ ಮಿದುಳು ‘ಇದು ಮಲ್ಲಿಗೆ’, ‘ಇದು ಸಂಪಿಗೆ’ ಎಂದು ತೀರ್ಮಾನಿಸುತ್ತದೆ.

ಈ 400 ಬೀಗಗಳು ಎಲ್ಲರಲ್ಲೂ ಒಂದೇ ಅಚ್ಚಿನವಲ್ಲ. 2014ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಯಾವುದೇ ಇಬ್ಬರನ್ನು ಹೋಲಿಸಿದರೂ ಅವರ ವಾಸನಾ ಗ್ರಾಹಕಗಳಲ್ಲಿ ಸರಾಸರಿ ಶೇ. 30ಕ್ಕಿಂತ ಹೆಚ್ಚು ಬೇರೆ ಬೇರೆ ರೀತಿ ಕೆಲಸ ಮಾಡುತ್ತವೆ. ಅಂದಮೇಲೆ ಒಂದೇ ಹೂವನ್ನು ಮೂಸಿದ ಇಬ್ಬರು ಎರಡು ಮಾತು ಹೇಳಿದರೆ ಆಶ್ಚರ್ಯವೇನು?

ಎರಡು ಹೂ, ಎರಡು ಮೂಗು

ಜೀನುಗಳ ಸ್ವರೂಪ ತಿಳಿಯುವುದಕ್ಕೆ ಎಷ್ಟೋ ಮೊದಲೇ ಇದನ್ನು ಗಮನಿಸಿದವರು ಅಮೆರಿಕದ ಸಸ್ಯ ವಿಜ್ಞಾನಿ ಆಲ್ಬರ್ಟ್ ಬ್ಲೇಕ್ಸ್‌ಲೀ. ಅವರ ತೋಟದಲ್ಲಿ ವರ್ಬೀನಾ ಹೂಗಳಿದ್ದವು. ನಸುಗೆಂಪು ಹೂ ಅವರಿಗೆ ಘಮಘಮ ಎನ್ನುತ್ತಿತ್ತು, ಸಹಾಯಕರಿಗೆ ಅದರಲ್ಲಿ ಪರಿಮಳವೇ ಕಾಣಲಿಲ್ಲ. ಕೆಂಪು ಹೂವಿನಲ್ಲಿ ಇದಕ್ಕೆ ತದ್ವಿರುದ್ಧ. ಇಬ್ಬರಲ್ಲಿ ಯಾರ ಮೂಗೂ ಕೆಟ್ಟಿರಲಿಲ್ಲ, ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಬ್ಲೇಕ್ಸ್‌ಲೀ ಜಗಳವಾಡದೆ 1918ರಲ್ಲಿ ಅದನ್ನೇ ಒಂದು ವೈಜ್ಞಾನಿಕ ಟಿಪ್ಪಣಿಯಾಗಿ ಪ್ರಕಟಿಸಿದರು!

ಮುಂದೆ 1967ರಲ್ಲಿ ಜಾನ್ ಅಮೂರ್ ಎಂಬ ವಿಜ್ಞಾನಿ, ಒಂದೇ ಒಂದು ವಾಸನೆಯ ಮಟ್ಟಿಗೆ ಮೂಗು ಕುರುಡಾಗಿರುವ ಈ ಸ್ಥಿತಿಯೇ ವಾಸನೆಯ ಗುಟ್ಟನ್ನು ಬಿಡಿಸುವ ಸುಳಿವಾಗಬಲ್ಲದು ಎಂದು ವಾದಿಸಿದರು. ಅವರ ಊಹೆ ಸರಿಯಾಗಿತ್ತು.

ಸ್ಫೋಟಕದಿಂದ ಕಸ್ತೂರಿ

ಈಗ ಕಸ್ತೂರಿಗೆ ಬರೋಣ. ನಿಜವಾದ ಕಸ್ತೂರಿ ದೊರೆಯುವುದು ಹಿಮಾಲಯ ಮತ್ತು ಮಧ್ಯ ಏಷ್ಯಾದ ಬೆಟ್ಟಗಳಲ್ಲಿರುವ ಗಂಡು ಕಸ್ತೂರಿ ಮೃಗದ ಗ್ರಂಥಿಯಿಂದ. ಅದಕ್ಕಾಗಿ ಈ ಪ್ರಾಣಿಯನ್ನು ಬೇಟೆಯಾಡಿ ಅಳಿವಿನ ಅಂಚಿಗೆ ತಂದದ್ದಾಯಿತು. ಭಾರತದಲ್ಲಿ ಈಗ ಈ ಬೇಟೆ ಅಪರಾಧ. ಇಂದು ಸಾಬೂನು, ಬಟ್ಟೆ ಒಗೆಯುವ ಪುಡಿ, ಸೆಂಟುಗಳಲ್ಲಿರುವ ಕಸ್ತೂರಿ ಪರಿಮಳ ಪ್ರಯೋಗಾಲಯದ್ದು. ಇದರ ಆರಂಭವೂ ಸ್ವಾರಸ್ಯಕರ. 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನ ವಿಜ್ಞಾನಿ ಹೊಸ ಸ್ಫೋಟಕ ತಯಾರಿಸಲು ಹೊರಟು, ಟಿ.ಎನ್.ಟಿ.ಯ ಬಂಧುವಾದ ಒಂದು ಸಂಯುಕ್ತವನ್ನು ಪಡೆದ. ಅದು ಸಿಡಿಮದ್ದಾಗುವ ಬದಲು ಕಸ್ತೂರಿಯ ಪರಿಮಳ ಬೀರಿತು.

ಅಂಥ ಕೃತಕ ಕಸ್ತೂರಿಗಳಲ್ಲಿ ಇಂದು ವ್ಯಾಪಕ ಬಳಕೆಯಲ್ಲಿರುವುದು ಗ್ಯಾಲಕ್ಸೊಲೈಡ್. ಕೆಲವರಿಗೆ ಇದು ಹಿತವಾದ ಪರಿಮಳ, ಕೆಲವರಿಗೆ ಏನೂ ಅಲ್ಲ. ಓಆರ್4ಡಿ6 ಎಂಬ ಒಂದು ಗ್ರಾಹಕದ ಜೀನಿನಲ್ಲಿನ ವ್ಯತ್ಯಾಸಕ್ಕೂ ಇದಕ್ಕೂ ಸಂಬಂಧವಿದೆಯೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜೀನಿನ ವಿಷಯ ತಿಳಿಯದ ಕಾಲದಲ್ಲೂ ಸುಗಂಧ ತಯಾರಕರು ಬುದ್ಧಿವಂತರಾಗಿದ್ದರು. ಒಂದು ಕಸ್ತೂರಿ ತಿಳಿಯದವರಿಗೆ ಇನ್ನೊಂದಾದರೂ ತಿಳಿಯಲೆಂದು ಹಲವು ಬಗೆಯವನ್ನು ಬೆರೆಸುತ್ತಿದ್ದರು.

ಹೂವೋ, ಹುಳಿಯೋ?

ಕಸ್ತೂರಿಯದು ತಿಳಿಯುವ, ತಿಳಿಯದಿರುವ ಕಥೆ. ಅದಕ್ಕಿಂತ ವಿಚಿತ್ರವಾದದ್ದು ವಯೊಲೆಟ್ ಹೂವಿನದು. ಯುರೋಪಿನಲ್ಲಿ ಇದರ ಸುಗಂಧ ಚಿನ್ನದಷ್ಟು ದುಬಾರಿಯಾಗಿತ್ತು. 1893ರಲ್ಲಿ ಜರ್ಮನಿಯ ಟೀಮನ್ ಮತ್ತು ಕ್ರೂಗರ್ ಅದೇ ಪರಿಮಳದ ಅಯೊನೋನ್ ಎಂಬ ವಸ್ತುವನ್ನು ಸಿಟ್ರಾಲ್‌ನಿಂದ ತಯಾರಿಸಿದರು. ಸಿಟ್ರಾಲ್ ಹೇರಳವಾಗಿರುವುದು ನಮ್ಮ ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ. ಕೇರಳದ ಈ ಎಣ್ಣೆ ‘ಕೊಚ್ಚಿನ್ ಎಣ್ಣೆ’ ಎಂಬ ಹೆಸರಿನಲ್ಲಿ ಹೊರದೇಶಗಳಿಗೆ ಹೋಗಿ ಪ್ರಸಿದ್ಧವಾಯಿತು. ಬೀಟಾ ಅಯೊನೋನ್ ಹೂವಿನಲ್ಲಿ ಮಾತ್ರವಲ್ಲ, ಕ್ಯಾರೆಟ್, ಟೊಮೆಟೊ, ಚಹಾಗಳಲ್ಲೂ ಅಲ್ಪ ಪ್ರಮಾಣದಲ್ಲಿದೆ.

2013ರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿಗಳು ಸುಮಾರು 200 ಜನರಿಗೆ ಹತ್ತು ಬಗೆಯ ವಾಸನೆಗಳನ್ನು ಕೊಟ್ಟು ಪರೀಕ್ಷಿಸಿದರು. ನಾಲ್ಕು ವಾಸನೆಗಳ ವಿಷಯದಲ್ಲಿ ಜೀನಿನ ಸಂಬಂಧ ಕಂಡುಬಂತು. ಅವುಗಳಲ್ಲಿ ಅತ್ಯಂತ ಸ್ಪಷ್ಟವಾಗಿದ್ದದ್ದು ಬೀಟಾ ಅಯೊನೋನ್. ಸೂಕ್ಷ್ಮ ಮೂಗಿನವರು ಅದನ್ನು ‘ಹೂವಿನಂತಿದೆ, ಪರಿಮಳವಾಗಿದೆ’ ಎಂದರು. ಉಳಿದವರಿಗೆ ಕಡಿಮೆ ಪ್ರಮಾಣದಲ್ಲಿ ತಿಳಿಯಲೇ ಇಲ್ಲ. ಹೆಚ್ಚು ಕೊಟ್ಟಾಗ ‘ಹುಳಿ, ಘಾಟು, ವಿನಿಗರ್ ಇದ್ದ ಹಾಗಿದೆ’ ಎಂದರು! ಒಂದೇ ಅಣು, ಒಬ್ಬರಿಗೆ ಹೂದೋಟ, ಇನ್ನೊಬ್ಬರಿಗೆ ಉಪ್ಪಿನಕಾಯಿ ಜಾಡಿ.

ಕಾರಣ? 11ನೇ ವರ್ಣತಂತುವಿನ ಮೇಲಿರುವ ಓಆರ್5ಎ1 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಅದರಿಂದ ಗ್ರಾಹಕದ ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲ ಬದಲಾಗುತ್ತದೆ, ಬೀಗ ಕೆಡುತ್ತದೆ. ಜನರ ನಡುವೆ ಈ ವಾಸನೆಯ ಸೂಕ್ಷ್ಮತೆಯಲ್ಲಿ ಕಂಡ ವ್ಯತ್ಯಾಸದ ಶೇ. 96ಕ್ಕಿಂತ ಹೆಚ್ಚು ಪಾಲನ್ನು ಈ ಒಂದು ಬದಲಾವಣೆಯೇ ವಿವರಿಸುತ್ತದೆ.

ಪ್ರೌಢಶಾಲೆಯ ವಿದ್ಯಾರ್ಥಿಗಳು ಇಲ್ಲಿ ಮೆಂಡಲನ ಬಟಾಣಿ ಗಿಡಗಳನ್ನು ನೆನೆಯಬೇಕು. ಸೂಕ್ಷ್ಮ ಮೂಗು ಹೆಚ್ಚುಕಡಿಮೆ ಪ್ರಬಲ ಗುಣದಂತೆ ವರ್ತಿಸುತ್ತದೆ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಸರಿಯಿದ್ದರೂ ಹೂವಿನ ಪರಿಮಳ ತಿಳಿಯುತ್ತದೆ. ಅಪ್ಪ ಅಮ್ಮ ಇಬ್ಬರಲ್ಲೂ ಒಂದು ಸರಿಯಾದ ಪ್ರತಿ, ಒಂದು ಬದಲಾದ ಪ್ರತಿ ಇದ್ದರೆ ಇಬ್ಬರಿಗೂ ಅದು ಸುಗಂಧವೇ. ಆದರೆ ಅವರ ಮಗುವಿಗೆ ಎರಡೂ ಬದಲಾದ ಪ್ರತಿಗಳೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆಗ ಹೆತ್ತವರಿಗೆ ಪರಿಮಳವಾದದ್ದು ಮಗುವಿಗೆ ಹುಳಿ! ‘ನಮ್ಮಿಬ್ಬರಿಗೂ ಚೆನ್ನಾಗಿದೆ, ನಿನಗೇನು?’ ಎಂಬ ಪ್ರಶ್ನೆಗೆ ಮೆಂಡಲನೇ ಉತ್ತರ ಕೊಟ್ಟಿದ್ದಾನೆ.

ಎಲ್ಲವೂ ಹುಟ್ಟಿನಿಂದಲ್ಲ

ಹಾಗೆಂದು ಎಲ್ಲವನ್ನೂ ಜೀನಿನ ತಲೆಗೆ ಕಟ್ಟುವಂತಿಲ್ಲ. ಬೆವರಿನಲ್ಲಿರುವ ಆಂಡ್ರೊಸ್ಟಿನೋನ್ ಎಂಬ ವಸ್ತು ಕೆಲವರಿಗೆ ಮೂತ್ರದ ದುರ್ವಾಸನೆ, ಕೆಲವರಿಗೆ ಸಿಹಿ ವಾಸನೆ, ಇನ್ನು ಕೆಲವರಿಗೆ ಶೂನ್ಯ. ಇದಕ್ಕೂ ಒಂದು ಜೀನು ಕಾರಣವೆಂದು 2007ರಲ್ಲಿ ತಿಳಿದುಬಂತು. ಆದರೆ ಅದಕ್ಕೂ ಮುಂಚೆ, 1989ರ ಒಂದು ಪ್ರಯೋಗದಲ್ಲಿ, ಇದರ ವಾಸನೆ ತಿಳಿಯದ 20 ಜನರಿಗೆ ಅದನ್ನು ಮತ್ತೆ ಮತ್ತೆ ಮೂಸಲು ಕೊಟ್ಟಾಗ 10 ಜನರಿಗೆ ತಿಳಿಯತೊಡಗಿತ್ತು. ಮೂಗಿಗೂ ಪಾಠ ಕಲಿಸಬಹುದು!

ನೆನಪಿನ ಪಾತ್ರವೂ ದೊಡ್ಡದು. ಮೀಥೈಲ್ ಸ್ಯಾಲಿಸಿಲೇಟಿನ ವಾಸನೆ ನಮಗೆ ನೋವಿನ ಮುಲಾಮು, ಅಮೆರಿಕದ ಮಕ್ಕಳಿಗೆ ಮಿಠಾಯಿ. ಪ್ರಮಾಣವೂ ಮುಖ್ಯ. ಮಲ್ಲಿಗೆಯಲ್ಲಿರುವ ಇಂಡೋಲ್ ಎಳೆಯಷ್ಟಿದ್ದರೆ ಹೂವಿನ ಸೊಗಸು, ಹೆಚ್ಚಾದರೆ ಮಲದ ನಾತ. ಹೂವಿನ ಮಾಲೆಗಳಿಂದ ತುಂಬಿದ ಮುಚ್ಚಿದ ಕೋಣೆಯಲ್ಲಿ ಕೆಲವರಿಗೆ ಉಸಿರು ಕಟ್ಟಿದಂತಾಗುವುದು ಬರೀ ಹುಚ್ಚಾಟವಲ್ಲ.

ಇಷ್ಟವಿಲ್ಲದ್ದು ಬೇರೆ, ಒಗ್ಗದ್ದು ಬೇರೆ

ಇಲ್ಲಿ ಪಾಲಕರು ಒಂದು ವ್ಯತ್ಯಾಸ ಗಮನಿಸಬೇಕು. ವಾಸನೆ ಹಿಡಿಸದಿರುವುದು ಮೂಗಿನ ವಿಷಯ. ಸೆಂಟು ತಾಗಿದ ಜಾಗದಲ್ಲಿ ತುರಿಕೆ, ಕೆಂಪು ಗಂದೆಗಳಾದರೆ ಅದು ಚರ್ಮದ ಅಲರ್ಜಿ. ಆ ವಸ್ತುವಿನ ಪರಿಮಳ ಇಷ್ಟವಾದವರಿಗೂ ಅದು ಬರಬಹುದು. ಕಿತ್ತಳೆ ಸಿಪ್ಪೆಯ ಲಿಮೊನೀನ್‌ನಂಥ ವಸ್ತುಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಅಲರ್ಜಿಕಾರಕಗಳಾಗುತ್ತವೆ. ಹಾಗಾಗಿ ವರ್ಷಗಟ್ಟಲೆ ತೆರೆದಿಟ್ಟ ಬಾಟಲಿ ಒಳ್ಳೆಯದಲ್ಲ. ಯುರೋಪಿನ ಒಕ್ಕೂಟ ಇಂಥ 26 ವಸ್ತುಗಳ ಹೆಸರನ್ನು ಲೇಬಲ್ಲಿನ ಮೇಲೆ ಮುದ್ರಿಸಬೇಕೆಂದು 2003ರಲ್ಲಿ ನಿಯಮ ಮಾಡಿ, 2023ರಲ್ಲಿ ಪಟ್ಟಿಯನ್ನು 80ಕ್ಕೂ ಮೇಲಕ್ಕೆ ಬೆಳೆಸಿತು.

ಮೈಗ್ರೇನ್ ಇರುವವರಿಗೆ ತೀಕ್ಷ್ಣ ವಾಸನೆಯೇ ತಲೆನೋವು ತರಬಲ್ಲದು, ಆಸ್ತಮಾ ಇರುವವರಿಗೆ ಉಬ್ಬಸ. ಶಾಲೆಯ ವ್ಯಾನಿನಲ್ಲಿ ತೂಗುಹಾಕಿದ ಸುಗಂಧದ ಡಬ್ಬಿಯಿಂದ ದಿನವೂ ಹೊಟ್ಟೆ ತೊಳೆಸುವ ಮಗುವನ್ನು ಗದರಿಸುವ ಬದಲು ಡಬ್ಬಿಯನ್ನು ತೆಗೆಸುವುದು ಸುಲಭ. ತೊಂದರೆ ಮರುಕಳಿಸುತ್ತಿದ್ದರೆ ವೈದ್ಯರನ್ನು ಕಾಣಬೇಕು.

ಮನೆಯಲ್ಲೇ ಒಂದು ಪ್ರಯೋಗ

ರಜೆಯ ದಿನ ಮಕ್ಕಳು ಇದನ್ನು ಮಾಡಿ ನೋಡಬಹುದು. ಒಂದೇ ತರಹದ ಐದು ಬಟ್ಟಲುಗಳಲ್ಲಿ ಮಲ್ಲಿಗೆ, ಜಜ್ಜಿದ ಕೊತ್ತಂಬರಿ ಸೊಪ್ಪು, ಏಲಕ್ಕಿ, ತುರಿದ ಕ್ಯಾರೆಟ್, ಸಾಬೂನಿನ ಚೂರು ಇಟ್ಟು ತೆಳುಬಟ್ಟೆ ಮುಚ್ಚಿ. ಮನೆಯ ಎಲ್ಲರೂ ಒಬ್ಬೊಬ್ಬರಾಗಿ ಮೂಸಿ, ಬಾಯಿಬಿಡದೆ, ವಾಸನೆ ಎಷ್ಟು ಜೋರು, ಹೇಗಿದೆ ಎಂದು ಚೀಟಿಯಲ್ಲಿ ಬರೆಯಲಿ. ಒಬ್ಬರ ಮಾತು ಕಿವಿಗೆ ಬಿದ್ದರೆ ಇನ್ನೊಬ್ಬರ ಮೂಗು ಅದನ್ನೇ ಹೇಳುತ್ತದೆ! ನೆಗಡಿಯಾದವರು ಬೇಡ. ಸೀಮೆಎಣ್ಣೆ, ನುಸಿಗುಳಿಗೆಗಳನ್ನು ಬಳಸಬೇಡಿ. ಕೊನೆಗೆ ಚೀಟಿಗಳನ್ನು ಹೋಲಿಸಿ. ಕೊತ್ತಂಬರಿ ಸೊಪ್ಪು ಸಾಬೂನಿನಂತಿದೆ ಎಂದು ಯಾರಾದರೂ ಬರೆದಿದ್ದರೆ ನಗಬೇಡಿ. ಆ ಸೊಪ್ಪಿನಲ್ಲಿರುವ ಆಲ್ಡಿಹೈಡ್‌ಗಳ ಜಾತಿಯವೇ ಸಾಬೂನು, ಸೆಂಟುಗಳಲ್ಲೂ ಇರುತ್ತವೆ.

ಈ ಪ್ರಯೋಗದಿಂದ ಕಲಿಯುವ ಪಾಠ ಅಡುಗೆಮನೆಯಲ್ಲಿ ಜೀವ ಉಳಿಸಲೂಬಹುದು. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಇದನ್ನೂ ಎಲ್ಲ ಮೂಗುಗಳು ಒಂದೇ ಸಮನಾಗಿ ಹಿಡಿಯಲಾರವು. ನೆಗಡಿಯಾದ ಮೂಗು, ವಯಸ್ಸಾದವರ ಮೂಗು ಇನ್ನಷ್ಟು ಹಿಂದೆ. ಆದ್ದರಿಂದ ‘ಗ್ಯಾಸ್ ವಾಸನೆ ಬರ್ತಿದೆ’ ಎಂದು ಮನೆಯ ಚಿಕ್ಕ ಮಗು ಹೇಳಿದರೂ, ನಿಮಗೆ ಏನೂ ತಿಳಿಯದಿದ್ದರೂ, ಮೊದಲು ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ, ಸ್ವಿಚ್ಚು ಮುಟ್ಟಬೇಡಿ. ‘ನನಗೆ ಬರ್ತಿಲ್ಲವಲ್ಲ’ ಎಂಬ ಚರ್ಚೆ ಆಮೇಲೆ ಇರಲಿ. ಆ ಹೊತ್ತಿನಲ್ಲಿ ನಂಬಬೇಕಾದದ್ದು ಮನೆಯ ಹಿರಿಯರ ಮೂಗನ್ನಲ್ಲ, ವಾಸನೆ ತಿಳಿದವರ ಮೂಗನ್ನು.